ಎಡಗೈಯಲ್ಲಿ ಕೊಟ್ಟ ಗಂಟು

ಮೂರನೇ ಮಹಡಿಯ ಅಜ್ಜಿಯ ಬೆಳ್ಳಗಿನ ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ಅದರ ತುದಿಗೆ ಬ್ರೆಡ್ ಪ್ಯಾಕೆಟ್ಟಿನ ಬಾಯಿ ಕಟ್ಟುವ ತಂತಿ. ಹುಬ್ಬಳ್ಳಿಯಲ್ಲಿ ಹದಿನೈದು ವರ್ಷ ಹೊಲಿಗೆ ಮಷಿನ್ ತುಳಿದವಳು ನಾನು. ಅಂಥ ಜಡೆಗೆ ಅಂಥ ತಂತಿ ನೋಡಿ ಸುಮ್ಮನಿರುವುದು ಹೇಗೆ? ಒಂದು ದಿನ ಲಿಫ್ಟಿನಲ್ಲಿ ತಡೆಯದೆ ಕೆಂಪು ರಿಬ್ಬನ್ ಕೊಟ್ಟೆ. ಅದನ್ನು ಜೇಬಿಗಿಟ್ಟುಕೊಂಡು, "ಇದು ಚಲೋ ದಿನಕ್ಕ ಇರಲಿ" ಎಂದರು. ಮರುದಿನವೂ ಜಡೆಗೆ ಅದೇ ತಂತಿ.

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಅದೂ ನನ್ನ ಹರಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ನೆನಪಿನಲ್ಲಿ ಮಾತ್ರ ಅಜ್ಜಿ ನನ್ನೊಡನೆ ಹುಬ್ಬಳ್ಳಿ ಕನ್ನಡವನ್ನೇ ಆಡುತ್ತಾರೆ. ನಾನೇನು ಮಾಡಲಿ?

ನಾವು ಹುಬ್ಬಳ್ಳಿ ಬಿಟ್ಟು, ಕಡಲು ದಾಟಿ ಈ ಪೋರ್ಟ್ ಕ್ರೆಡಿಟ್ ಎಂಬ ಊರಿಗೆ ಬಂದದ್ದು ೨೦೧೫ರಲ್ಲಿ. ಗಂಡನಿಗೆ ಹತ್ತಿರದ ಮೆಡೋವೇಲ್‌ನಲ್ಲಿ ಕೆಲಸ, ನನಗೆ ಮನೆಯಲ್ಲೇ ಬಟ್ಟೆ ಆಲ್ಟರೇಶನ್. ಅಜ್ಜಿ ಈ ನೆಲದ ಮೂಲನಿವಾಸಿ. ದೂರದ ಉತ್ತರದಲ್ಲಿ, ಅವರ ಜನರಿಗೆಂದು ಬಿಟ್ಟ ರಿಸರ್ವ್‌ನಲ್ಲಿ ಹುಟ್ಟಿದವರು. ಅವರ ತಂಗಿ ಹದಿನೆಂಟರ ಹರೆಯದಲ್ಲಿ ಅಂಗಡಿಗೆಂದು ಹೋದವಳು ತಿರುಗಿ ಬರಲಿಲ್ಲ. ಅಲ್ಲಿಯ ಪೊಲೀಸರು ಒಂದೇ ಸಾಲು ಬರೆದು ಫೈಲು ಮುಚ್ಚಿದರು: ತಾನಾಗಿಯೇ ಮನೆ ಬಿಟ್ಟು ಹೋಗಿದ್ದಾಳೆ.

"ಒಲಿ ಮ್ಯಾಲ ಆಕಿ ಇಟ್ಟ ಸೂಪು ಕುದಿಯಾಕತ್ತಿತ್ತು. ಮನಿ ಬಿಟ್ಟು ಹೋಗಾಕಿ ಒಲಿ ಹಚ್ಚಿಟ್ಟು ಹೋಗ್ತಾಳೇನ?" ಎಂದು ಅಜ್ಜಿ ಕೇಳುತ್ತಿದ್ದರು. ಆ ಒಂದು ಸಾಲನ್ನು ಅಳಿಸುವುದಕ್ಕೆ ಅವರು ನಲವತ್ತು ವರ್ಷ ಸವೆಸಿದ್ದರು.

ಪ್ರತಿ ಗುರುವಾರ ತಂಗಿಯ ಫೋಟೋ ಹಿಡಿದು, ಟ್ರೈನು ಹತ್ತಿ, ಡೌನ್‌ಟೌನಿನ ಸರ್ಕಾರಿ ಕಚೇರಿಯೊಂದರ ಮುಂದೆ ಎರಡು ತಾಸು ನಿಲ್ಲುತ್ತಿದ್ದರು. ಜೊತೆಗೆ ಮಡಿಚುವ ಸ್ಟೂಲು ಇರುತ್ತಿತ್ತು, ಆದರೆ ಅದರ ಮೇಲೆ ಕೂತದ್ದನ್ನು ಯಾರೂ ಕಂಡಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಕುಂತ್ರ ಬಸ್ಸಿಗೆ ಕಾಯಾಕತ್ತಾಳ ಅಂದ್ಕೋತಾರ" ಎಂದರು. ಮಂಡಿನೋವಿನ ಹೆಂಗಸಿಗೆ ಇಷ್ಟು ಹಟ ಬೇಕೇ ಎಂದು ನಾನು ಬೈದದ್ದೂ ಉಂಟು.

ಒಂದು ಚಳಿಗಾಲದ ಬೆಳಿಗ್ಗೆ ಬಾಗಿಲು ಬಡಿದರು. "ನಿನ್ನ ಕಡೆ ಒಂದು ಕೆಲಸ ಐತಿ" ಎಂದು ಕೆಂಪು ಬಟ್ಟೆಯ ಪುಟ್ಟ ಗಂಟನ್ನು ಚಾಚಿದರು, ಅದೂ ಎಡಗೈಯಲ್ಲಿ. ಬಿಚ್ಚಿದರೆ ತಂಬಾಕು. ನನ್ನ ಅಪ್ಪ ತಂಬಾಕು ಜಗಿದು ಜಗಿದು ಬಾಯಿ ಹುಣ್ಣಾಗಿ ಸತ್ತವರು. ಎಡಗೈಯ ಸಿಟ್ಟೂ ಸೇರಿ ನನ್ನ ಮುಖ ಬಿಗಿಯಿತು.

"ಬ್ಯಾಡ್ರಿ, ನಮ್ಮ ಮನ್ಯಾಗ ಇದನ್ನ ಯಾರೂ ಮುಟ್ಟೂದಿಲ್ಲ" ಎಂದು ಹಿಂದಕ್ಕೆ ಕೊಟ್ಟೆ.

ಅಜ್ಜಿ ಗಂಟನ್ನು ಮತ್ತೆ ಕಟ್ಟಿಕೊಂಡು, "ಆತು" ಎಂದಷ್ಟೇ ಹೇಳಿ ಹೋದರು. ಏನು ಕೆಲಸವೆಂದು ಹೇಳಲೂ ಇಲ್ಲ.

ಸಂಜೆ ಶಾಲೆಯಿಂದ ಬಂದ ಮಗಳಿಗೆ ಇದನ್ನು ದೊಡ್ಡ ದೂರಿನಂತೆ ಒಪ್ಪಿಸಿದೆ. ಅವಳು ಬ್ಯಾಗು ಇಳಿಸದೆ ನಿಂತುಬಿಟ್ಟಳು. "ಅಮ್ಮಾ, ಯು ಸೆಡ್ ನೋ ಟು ಹರ್." ಅವರ ಜನ ದೊಡ್ಡ ಕೆಲಸ ಕೇಳುವಾಗ ತಂಬಾಕು ಕೊಡುತ್ತಾರೆ, ಅದು ಜಗಿಯಲಿಕ್ಕಲ್ಲ, ಪ್ರಾರ್ಥನೆಯದು, ತೆಗೆದುಕೊಂಡರೆ ಒಪ್ಪಿದಂತೆ, ಮರಳಿಸಿದರೆ ಒಲ್ಲೆ ಎಂದಂತೆ. ಇದನ್ನೆಲ್ಲ ಅವಳಿಗೆ ಶಾಲೆಯಲ್ಲಿ ಕಲಿಸಿದ್ದರಂತೆ.

"ಅಂದ್ರ ನಮ್ಮ ವೀಳ್ಯೆ ಇದ್ದಂಗ?"

"ಐ ಗೆಸ್ ಸೋ."

 ವೀಳ್ಯೆ ಹಿಡಿದು ಬಂದವರನ್ನು ಬಾಗಿಲಿಂದಲೇ ಅಟ್ಟಿದ್ದೆ. ಚಪ್ಪಲಿಯನ್ನೂ ಮೆಟ್ಟದೆ ಮೂರನೇ ಮಹಡಿಗೆ ಓಡಿದೆ.

ಅಜ್ಜಿ ಅಡುಗೆಮನೆಯ ಕತ್ತರಿಯಲ್ಲಿ ಕೆಂಪು ಬಟ್ಟೆ ಕತ್ತರಿಸುತ್ತ ಕೂತಿದ್ದರು. ಅವರ ಜನರಲ್ಲಿ ಕಾಣೆಯಾದ ಹೆಂಗಸರ ಬಗ್ಗೆ ಸರ್ಕಾರದ ವಿಚಾರಣೆ ನಡೆಯುತ್ತಿತ್ತು. ಕೊನೆಗೂ ಅವರಿಗೆ ಮಾತಾಡಲು ಕರೆ ಬಂದಿತ್ತು. ಆ ದಿನ ಉಡಲು ಅವರ ಜನರ ರೀತಿಯ, ರಿಬ್ಬನ್ ಪಟ್ಟಿಗಳ ಉದ್ದ ಲಂಗ ಬೇಕಿತ್ತು. ನಾನು ಒಲ್ಲೆ ಎಂದೆನೆಂದು ತಾವೇ ಹೊಲಿಯಲು ಹೊರಟಿದ್ದರು, ಬಟ್ಟೆ ಸೊಟ್ಟಗೆ ಹೋಗಿತ್ತು.

"ತಪ್ಪಾತ್ರಿ ಅಜ್ಜಿ. ಆ ಗಂಟು ಕೊಡ್ರಿ," ಎಂದೆ. ಮತ್ತೆ ಎಡಗೈಯಲ್ಲೇ ಕೊಟ್ಟರು. ನಾನು ಬಲಗೈಯಲ್ಲಿ ತೆಗೆದುಕೊಂಡು, "ಎಡಗೈ ಯಾಕ್ರಿ?" ಎಂದು ಕೇಳಿಯೇಬಿಟ್ಟೆ.

"ಎದಿಗೆ ಸಮೀಪ ಇರೂದು ಇದ ಅಲ್ಲೇನ?"

ಸೊಟ್ಟ ಹೋದಲ್ಲಿ ತುಂಡು ಜೋಡಿಸಿ, ಜೋಡಣೆ ಕಾಣದಂತೆ ರಿಬ್ಬನ್ ಹೊಲಿದೆ. ವಿಚಾರಣೆಯ ದಿನ ಅಜ್ಜಿ ಸೂಪಿನಿಂದ ಮಾತು ಶುರು ಮಾಡಿದರು. ಹೇಳಿ ಮುಗಿಸುವವರೆಗೂ ಅವರ ಎಡಗೈ ಲಂಗದ ಆ ಜೋಡಣೆಯನ್ನೇ ಹಿಡಿದಿತ್ತು. ಹಿಂದೆ ಕೂತ ನನಗೆ ಅದೊಂದೇ ಕಾಣುತ್ತಿತ್ತು.

ಮರುವರ್ಷ ಮತ್ತೆ ಬಾಗಿಲು ಬಡಿದರು. ಕೈಯಲ್ಲಿ ಸರ್ಕಾರದ ಪತ್ರ: ಆ ಸಾಲನ್ನು ತೆಗೆಯಲಾಗಿದೆ, ಹುಡುಕಾಟ ಮತ್ತೆ ಆರಂಭವಾಗುತ್ತದೆ. ಜಡೆಯ ತುದಿಯಲ್ಲಿ ನನ್ನ ಕೆಂಪು ರಿಬ್ಬನ್ ಇತ್ತು. ನಾನು ಗೊಳೋ ಎಂದು ಅತ್ತೆ. ಅವರೇ ನನ್ನ ಬೆನ್ನು ಸವರಿದರು.

೨೦೧೯ರ ಬೇಸಿಗೆಯಲ್ಲಿ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ಹೋದಾಗ ತಂಗಿಯ ಫೋಟೋ ದಿಂಬಿನ ಪಕ್ಕದಲ್ಲಿತ್ತು. "ಸಾಲು ಹೋತು. ಆಕಿ ಇನ್ನೂ ಬಂದಿಲ್ಲ" ಎಂದು ಉಸಿರು ಕೂಡಿಸಿಕೊಂಡು ಹೇಳಿ, ಕೆಂಪು ಗಂಟನ್ನು ಚಾಚಿದರು. ಏನು ಕೆಲಸವೆಂದು ಈ ಸಲ ನಾನೂ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಎಡಗೈ ಮುಂದೆ ಮಾಡಿದೆ. ನಾಲ್ಕು ದಿನಕ್ಕೆ ಅವರು ಹೋದರು.

ಈಗ ಗುರುವಾರ ನಾನು ಹೊಲಿಗೆಗೆ ರಜೆ ಹಾಕುತ್ತೇನೆ. ಫೋಟೋದ ಜೊತೆ ಸ್ಟೂಲನ್ನೂ ಒಯ್ಯುತ್ತೇನೆ. ಎರಡು ತಾಸಿಗೆ ಕಾಲು ಬಾತುಕೊಳ್ಳುತ್ತವೆ. ಕೂರುವುದಿಲ್ಲ.