ಬೀಗರ ಕಾರಿಗೆ ಉಡಿ ತುಂಬಿದ್ದು

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಸುಂದರಾಬಾಯಿಯ ಅಂಗಡಿ ಹತ್ತಿದವರು ಬರಿಗೈಯಲ್ಲಿ ಇಳಿದದ್ದನ್ನು ಯಾರೂ ನೋಡಿಲ್ಲ. ಕುಪ್ಪಸಕ್ಕೆ ಒಂದೇ ಒಂದು ಖಣ ಸಾಕೆಂದು ಬಂದವಳು ಮೂರು ಕಟ್ಟಿಸಿಕೊಂಡು, ನಾಲ್ಕನೆಯದನ್ನು ತೆಗೆದಿಡಲು ಹೇಳಿ, ತಾನೇ ಗೆದ್ದವಳ ಹಾಗೆ ಮೆಟ್ಟಿಲಿಳಿಯುತ್ತಾಳೆ. ಗೆದ್ದವರು ಯಾರು ಎಂಬುದು ಸುಂದರಾಬಾಯಿಗೆ ಗೊತ್ತು. ಆದರೆ ಗಿರಾಕಿಯ ಮುಖದ ಮೇಲಿನ ಗೆಲುವನ್ನು ಒರೆಸಿಹಾಕುವುದು ಅವಳ ವ್ಯಾಪಾರದ ರೀತಿಯಲ್ಲ.

ಗುಳೇದಗುಡ್ಡದಿಂದ ಸೊಸೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿದ್ದದ್ದು ತವರಿನ ಖಣಗಳು. ಗಂಡ ಹನುಮಂತ ಸರ್ಕಾರಿ ಕಚೇರಿಯ ಗುಮಾಸ್ತ. ಸಂಬಳ ನಿಯತ್ತಿನದು, ಆದ್ದರಿಂದಲೇ ಸಣ್ಣದು. ನೆರೆಮನೆಯವಳೊಬ್ಬಳು ಟ್ರಂಕಿನೊಳಗೆ ಇಣುಕಿ ಒಂದು ಖಣ ಕೇಳಿದಳು. ಆ ಟ್ರಂಕು ಮುಂದೆ ಬೀರುವಾಯಿತು, ಬೀರು ಅಂಗಡಿಯಾಯಿತು. ಈಗ ಸನತ್‌ನಗರದಲ್ಲಿ ಸ್ವಂತ ಮನೆ, ಕೆಳಗೊಂದು ಗೋಡೌನು. ದಿನಾ ಗೋಡೌನಿನಿಂದ ಬಜಾರು, ಬಜಾರಿನಿಂದ ಜೀಡಿಮೆಟ್ಲಾದ ಕಾಲನಿಗಳು, ಅಲ್ಲಿಂದ ಊರ ಹೊರಗಿನ ಸಣ್ಣ ಅಂಗಡಿಗಳು ಎಂದು ಅವಳ ಗಂಟುಗಳು ಊರು ಸುತ್ತುತ್ತವೆ. ಗಂಟು ಸುತ್ತಬೇಕೆಂದರೆ ಗಾಡಿ ಬೇಕು.

ಗಾಡಿಯ ವಿಷಯದಲ್ಲಿ ಅವಳು ಒಮ್ಮೆ ಏಟು ತಿಂದವಳು. ಯಾರೋ ಓಡಿಸಿ ಬಿಟ್ಟ ಎಲೆಕ್ಟ್ರಿಕ್ ಆಟೋ ಒಂದನ್ನು, ಮೀಟರಿನಲ್ಲಿ ಗೆರೆಗಳೆಲ್ಲ ತುಂಬಿ ಹೊಳೆಯುತ್ತಿದ್ದುದನ್ನು ನೋಡಿ ಕೊಂಡಿದ್ದಳು. ಮದುವೆ ಮನೆಯ ಸೀರೆಗಳನ್ನು ಹೇರಿಕೊಂಡು ಹೊರಟ ದಿನ ಅದು ಬಾಲಾನಗರದ ಫ್ಲೈಓವರ್ ಕೆಳಗೆ ನಿಂತುಬಿಟ್ಟಿತು. ಬೆಳಿಗ್ಗೆ ಗೆರೆಗಳೆಲ್ಲ ತುಂಬಿದ್ದವಲ್ಲ ಎಂದರೆ, ತುಂಬಿದ್ದವು ನಿಜ. ಬ್ಯಾಟರಿಯೇ ಕುಗ್ಗಿತ್ತು. ನೀರು ಕಂಡು ಕುಗ್ಗಿದ ಬಟ್ಟೆಯ ಮೇಲೆ ಅಂಗಡಿಯವನು ಹಚ್ಚಿದ ಅಳತೆಯ ಚೀಟಿ ಹಾಗೇ ಇರುತ್ತದೆ. ಗಾಡಿಯ ಗೆರೆಯೂ ಅಂಥದ್ದೇ. ಒಳಗೆ ಎಷ್ಟು ಉಳಿದಿದೆಯೋ ಅಷ್ಟಕ್ಕೇ 'ನೂರು' ಎನ್ನುತ್ತದೆ. ಅಂದಿನಿಂದ ಸುಂದರಾಬಾಯಿ ಗಾಡಿಯ ಗೆರೆಯನ್ನು ಗಿರಾಕಿಯ ಮಾತಿನಷ್ಟೇ ನಂಬುತ್ತಾಳೆ.

ಅಂಥವಳಿಗೆ ಕಾರು ಕೊಡಲು ಮುಂದೆ ಬಂದವರು ಬೀಗರು.

ಮಗಳು ಭಕ್ತಿಯ ಮಾವ ಸೂರ್ಯನಾರಾಯಣ ನೀರಾವರಿ ಇಲಾಖೆಯ ಇಂಜಿನಿಯರ್ ಆಗಿ ನಿವೃತ್ತರಾದವರು. ನೆಂಟರಿಷ್ಟರಿಗೆಲ್ಲ ಅವರು 'ಸಾಹೇಬರು'. ನಾಲ್ಕು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದರು. ಈಗ ಮಲಕ್‌ಪೇಟೆಯ ಸ್ವಂತ ಮನೆ ಬಿಟ್ಟು ಅಪಾರ್ಟ್‌ಮೆಂಟು ಸೇರಬೇಕಾಗಿತ್ತು. ಅಲ್ಲಿ ಪಾರ್ಕಿಂಗಿನಲ್ಲಿ ಪ್ಲಗ್ ಹಾಕಿಸಲು ಸೊಸೈಟಿಯವರು ಒಪ್ಪಲಿಲ್ಲ. ಫೋನು ಬಂತು.

"ಸುಂದರಾಬಾಯಾರ, ಹೊರಗಿನವರಿಗೆ ಯಾಕ ಕೊಡೋದು? ನೀವ ಇಟ್ಕೋರಿ. ಹೊಸಾದರಂಗ ಐತಿ. ನಮ್ಮ ಸತ್ಯಭಾಮಾ ದಿನಾ ಅರಿವಿಲೆ ಒರಸ್ತಾಳ. ರೇಟಿಂದು ನೀವ ಹೇಳ್ರಿ, ನಾ ಹೂಂ ಅಂತೀನಿ."

ಸುಂದರಾಬಾಯಿ ಫೋನಿಟ್ಟು ಗಂಡನ ಕಡೆ ನೋಡಿದಳು.

"ಬಂಗಾರದಂಥಾ ಮಾತು ಬಿಡು!" ಎಂದ ಹನುಮಂತ. "ಬೀಗರೊಳಗ ಮೋಸಾ ಇರಂಗಿಲ್ಲ."

"ಅದ ತ್ರಾಸಾಗೇತ್ರಿ. ಮೋಸಗಾರ ಆಗಿದ್ರ ಬ್ಯಾಟರಿ ತಪಾಸ ಮಾಡಿಸಿರೀ ಅಂತ ಮುಖದ ಮ್ಯಾಲ ಕೇಳ್ತಿದ್ದೆ. ಇವರಿಗೆ ಹೆಂಗ ಕೇಳಲಿ?"

"ಕೇಳಿದ್ರ ಏನಾಕ್ಕೇತಿ?"

"ಮಗಳು ದಿನಾ ಅವರ ಮನ್ಯಾಗ ಉಣ್ಣಾಕತ್ತಾಳ. ನಿಮ್ಮವ್ವ ನಮ್ಮ ಗಾಡಿ ಮ್ಯಾಲ ಸಂಶಯ ಪಟ್ಟಳು ಅಂತ ದಿನಾ ಸಾರಿನ ಜೋಡಿ ಬಡಸ್ತಾರ."

ಹನುಮಂತನಿಗೆ ಈಗ ತಿಳಿಯಿತು. ಬೀಗರ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಬಾರದು. ಬೇಡ ಎನ್ನಲೂ ಬಾರದು. ಕೊಂಡರೆ, ಬ್ಯಾಟರಿ ಕುಗ್ಗಿದ್ದರೆ, ಮತ್ತೆ ಬಾಲಾನಗರದ ಫ್ಲೈಓವರ್. ಬಿಟ್ಟರೆ ಮಗಳ ತಟ್ಟೆಯಲ್ಲಿ ಮಾತು. ನಡುವೆ ಇರುವ ಸಂದು ಸೂಜಿ ತೂರುವಷ್ಟು. ಸುಂದರಾಬಾಯಿ ಅಷ್ಟೇ ಸಂದಿಯಲ್ಲಿ ದಾರ ಪೋಣಿಸಿ ಬದುಕಿದವಳು.

ಮರುದಿನ ಬೀಗಿತ್ತಿ ಸತ್ಯಭಾಮಾರಿಗೆ ಫೋನು ಮಾಡಿದಳು. "ಅಕ್ಕಾರ, ರವಿವಾರ ಕೀಸರಗುಟ್ಟಕ್ಕ ಹೋಗಿ ಬರೋಣೇನ್ರಿ? ನಿಮ್ಮ ಗಾಡಿಯಾಗ ಎಲ್ಲಾರೂ ಕೂಡಿ. ವಾಪಸ್ ಬಂದು ನಮ್ಮ ಮನ್ಯಾಗ ಊಟಾ. ಸಂಜೀತನಾ ಇದ್ದು ಹೋಗಬೇಕ್ರಿ ಮತ್ತ."

ಕಾರು ಬಂತು. ನಿಜಕ್ಕೂ ಹೊಸದರ ಹಾಗೇ ಇತ್ತು. ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಕೂತವರು ಪ್ರತಿ ತಿರುವಿನಲ್ಲೂ ಸರ್ರನೆ ಜಾರುತ್ತಿದ್ದರು. ಸಾಹೇಬರು ದಾರಿಯುದ್ದಕ್ಕೂ ವರ್ಣಿಸಿದರು. "ಮೂವತ್ತು ಯೂನಿಟ್ಟಿನ ಬ್ಯಾಟರಿ ರೀ ಇದು. ಭಾಳ ಓಡಿಸಿಲ್ಲ ನಾವು. ಮನ್ಯಾಗ ತಗಡಿನ ಶೆಡ್ಡಿನ ಕೆಳಗ ನಿಂದ್ರಿಸಿ, ದಿನಾ ರಾತ್ರಿ ಪ್ಲಗ್ ಹಾಕಿಬಿಡೋದು. ಯಾವಾಗ ನೋಡ್ರಿ, ನೂರು."

"ಖಾಲಿ ಇಡಬಾರದಲ್ರಿ" ಎಂದರು ಸತ್ಯಭಾಮಾ. ಅವರ ಮನೆಯಲ್ಲಿ ಉಪ್ಪಿನ ಡಬ್ಬಿ, ಅಕ್ಕಿಯ ಡ್ರಮ್ಮು, ಕುಂಕುಮದ ಭರಣಿ ಯಾವುದೂ ಅರ್ಧಕ್ಕಿಳಿದದ್ದಿಲ್ಲ. ಅರ್ಧವಾದ ಡಬ್ಬಿ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಕಾರೂ ಆ ಡಬ್ಬಿಗಳ ಸಾಲಿಗೆ ಸೇರಿತ್ತು.

"ಮೂವತ್ತು ಯೂನಿಟ್ ಅಂದ್ರ ಭಾಳ ಆತ್ರಿ" ಎಂದಳು ಸುಂದರಾಬಾಯಿ, ಮೂವತ್ತು ಎಂಬುದನ್ನು ಸೆರಗಿಗೆ ಗಂಟು ಹಾಕಿಕೊಂಡವಳ ಹಾಗೆ. ಆಮೇಲೆ ಸೆಕೆ ಎಂದು ಬೀಸಿಕೊಂಡಳು. ಸಾಹೇಬರು ಏಸಿ ಜೋರು ಮಾಡಿದರು. ಸ್ವಲ್ಪ ಹೊತ್ತಿಗೆ ಹನುಮಂತ ಚಳಿ ಎಂದ. ಅವಳ ಮೊಣಕೈ ಅವನ ಪಕ್ಕೆಗೆ ತಾಗಿತು; ಚಳಿ ಬಿಟ್ಟಿತು.

ದೇವರ ದರ್ಶನ ಮುಗಿಸಿ ಸನತ್‌ನಗರಕ್ಕೆ ವಾಪಸಾದಾಗ ಕಾರಿನಲ್ಲಿ ಉಳಿದದ್ದು ಮೂವತ್ತು ಪರ್ಸೆಂಟು. ಸಾಹೇಬರ ಹುಬ್ಬು ಒಂದಿಷ್ಟು ಮೇಲೇರಿತು. "ಏಸಿ ಭಾಳ ತಿಂತೇತ್ರಿ" ಎಂದರು.

"ಬೀಗರ, ಗಾಡಿ ಗೋಡೌನ್ ಮುಂದ ಹಚ್ಚಿರಿ" ಎಂದಳು ಸುಂದರಾಬಾಯಿ. "ಇಸ್ತ್ರಿ ಸಲುವಾಗಿ ಹಾಕಿಸಿದ ದೊಡ್ಡ ಪ್ಲಗ್ ಅಲ್ಲೈತಿ. ಚಾರ್ಜಿಗೆ ಹಾಕೋಣ."

"ಅಯ್ಯ, ಬ್ಯಾಡ್ರಿ! ನಿಮ್ಮ ಕರೆಂಟು ಯಾಕ? ಮನಿ ಮುಟ್ಟೂತನಾ ಸಾಕಾಕ್ಕೇತಿ."

"ಮನಿಗೆ ಬಂದ ಹೆಣ್ಮಗಳನ್ನ ಉಡಿ ತುಂಬದ ಕಳಸ್ತಾರೇನ್ರಿ? ಅಕ್ಕಾರಿಗೆ ಉಡಿ ತುಂಬ್ತೀನಿ, ಅವರ ಗಾಡೀನ ಬರೇ ಉಡೀಲೆ ಕಳಸಲೇನು? ಅದೂ ಇವತ್ತೋ ನಾಳೆಯೋ ನಮ್ಮ ಮನಿಗೆ ಬರೂದು."

ಅಕ್ಕಿ, ತೆಂಗಿನಕಾಯಿ, ಖಣ ಮಡಿಲಿಗಿಟ್ಟು ಕಳಿಸುವ ಪದ್ಧತಿಯ ಮುಂದೆ ಇಂಜಿನಿಯರಾದರೂ ಏನು ಹೇಳಬಲ್ಲರು? ಸತ್ಯಭಾಮಾರ ಕಣ್ಣು ತೇವವಾಯಿತು. "ಹಾಕ್ರಿ, ಹಾಕ್ರಿ. ಬರೇ ಉಡೀಲೆ ಹೋಗಬಾರದು" ಎಂದು ಗಂಡನಿಗೆ ಅವರೇ ಹೇಳಿದರು.

ಗೋಡೌನಿಗೆ ಬೇರೆಯೇ ಮೀಟರು. ಅದರ ಲೈನಿಗೆ ಇಸ್ತ್ರಿ ಪ್ಲಗ್ಗು, ಒಂದು ಬಲ್ಬು, ಅದರ ಪಕ್ಕದ ಸಣ್ಣ ಪ್ಲಗ್ಗು ಬಿಟ್ಟರೆ ಏನೂ ಇಲ್ಲ. ಬಲ್ಬನ್ನು ಅವಳು ಆರಿಸಿಟ್ಟಿದ್ದಳು. ಮೀಟರಿನ ಗಾಜನ್ನು ನಿನ್ನೆಯೇ ಒರೆಸಿದ್ದಳು. ಮೀಟರಿಗೆ ಎದುರಾಗಿ ಒಂದು ಮಂಚ, ಅದರ ಮೇಲೆ ಹೊಸ ಚಾದರ. ಪ್ಲಗ್ ಚುಚ್ಚಿದ ಸಾಹೇಬರು ಹಳೆಯ ಅಭ್ಯಾಸದಿಂದ ಮೀಟರಿನ ಅಂಕಿಯನ್ನೂ ಓದಿಕೊಂಡರು.

ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ, ಮೇಲೆ ತುಪ್ಪ ಸುರಿದ ಹೋಳಿಗೆ. ಉಂಡ ಸಾಹೇಬರಿಗೆ ರೆಪ್ಪೆ ಭಾರವಾಯಿತು.

"ಮ್ಯಾಲೆ ಸೆಕೆ ಐತ್ರಿ. ಗೋಡೌನ್‌ದಾಗ ತಂಪೈತಿ, ಅಲ್ಲೇ ಅಡ್ಡಾಗ್ರಿ" ಎಂದಳು. ಹನುಮಂತ ಟೇಬಲ್ ಫ್ಯಾನು ಹಿಡಿದು ಹಿಂದೆ ಬಂದ. ಅದರ ವೈರನ್ನು ಅವಳು ಮನೆಯ ಒಳಗಿಂದ ಎಳೆಯುತ್ತಿರುವುದನ್ನು ಕಂಡು, "ಇಲ್ಲೇ ಬಲ್ಬಿನ ಬಾಜೂಕ ಸಣ್ಣ ಪ್ಲಗ್ ಐತೆಲ್ಲಾ" ಎಂದ.

"ಅದು ಕೆಟ್ಟೈತಿ."

"ಯಾವಾಗ? ನಿನ್ನೆ ನಾನ ಫೋನು..."

"ಈಗ ಕೆಟ್ಟಿತು. ನೀವು ಮ್ಯಾಲ ನಡೀರಿ."

ಉಳಿದದ್ದನ್ನು ಅವಳು ದೇವರಿಗೆ ಬಿಡಲಿಲ್ಲ, ಸಾಹೇಬರ ಸ್ವಭಾವಕ್ಕೆ ಬಿಟ್ಟಳು. ಜೀವಮಾನವೆಲ್ಲ ಕಾಲುವೆಗೆ ಎಷ್ಟು ನೀರು ಬಿಟ್ಟೆವು, ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂದು ಲೆಕ್ಕ ಹಾಕಿದ ಮನುಷ್ಯ. ಅಂಥವರ ಕಣ್ಣೆದುರು ಒಂದು ಮೀಟರು ಮಿಣಮಿಣ ಎನ್ನುತ್ತಿದ್ದರೆ ನಿದ್ದೆ ಎಲ್ಲಿಂದ ಬರಬೇಕು?

ಮೇಲೆ ಹೆಂಗಸರಿಬ್ಬರೂ ಎಲೆ ಅಡಿಕೆ ಹಾಕಿಕೊಂಡು ಅರ್ಧ ಹೈದರಾಬಾದಿನ ಮದುವೆಗಳನ್ನು ಮಾತಾಡಿ ಮುಗಿಸಿದರು. ಕಾರು ತುಂಬಿದ ಹೊತ್ತಿಗೆ ಸುಂದರಾಬಾಯಿ ಚಹಾ ಹಿಡಿದು ಕೆಳಗಿಳಿದಳು. ಹಿಂದೆ ಹನುಮಂತ ಮತ್ತು ಸತ್ಯಭಾಮಾ.

ಸಾಹೇಬರು ಮಂಚದ ಮೇಲಿರಲಿಲ್ಲ. ಕನ್ನಡಕ ಹಣೆಗೇರಿಸಿ ಮೀಟರಿಗೆ ಮೂಗು ಹಚ್ಚಿ ನಿಂತಿದ್ದರು.

"ಸುಂದರಾಬಾಯಾರ, ನಿಮ್ಮ ಮೀಟರು ಸಾವಕಾಶ ಓಡ್ತೇತೇನ್ರಿ?"

"ಹಂಗಿದ್ರ ಕರೆಂಟ್ ಆಫೀಸಿನವರು ನಮ್ಮನ್ನ ಬಿಡ್ತಿದ್ರೇನ್ರಿ?"

"ಖರೇ ಐತಿ." ಅವರು ಕಾರಿನ ಹತ್ತಿರ ಹೋದರು, ನೂರು ಎಂದು ಹೊಳೆಯುವುದನ್ನು ನೋಡಿದರು, ತಿರುಗಿ ಬಂದರು. ಬೆರಳುಗಳು ಗಾಳಿಯಲ್ಲಿ ಲೆಕ್ಕ ಬರೆಯುತ್ತಿದ್ದವು. "ಮೂವತ್ತು ಯೂನಿಟ್ಟಿನ ಬ್ಯಾಟರಿ. ಎಪ್ಪತ್ತು ಪರ್ಸೆಂಟ್ ತುಂಬಬೇಕಂದ್ರ ಇಪ್ಪತ್ತೊಂದು. ಕಾವಿಗೆ ಹೋಗೋದೂ ಹಿಡದ್ರ ಇಪ್ಪತ್ಮೂರು ತಿನ್ನಬೇಕು. ತಿಂದದ್ದು ಹದಿನಾರು."

ಸುಂದರಾಬಾಯಿ ಚಹಾದ ತಟ್ಟೆಯನ್ನು ಮಂಚದ ತುದಿಗಿಟ್ಟಳು. ಗಿರಾಕಿ ತಾನಾಗಿ ಸೀರೆಯ ಮಡಿಕೆ ಬಿಡಿಸಿ ನೋಡುತ್ತಿರುವಾಗ ಅಂಗಡಿಯವಳು ಬಾಯಿ ಹಾಕಬಾರದು.

"ಕಡಿಮಿ ತಿಂದ್ರ ಒಳ್ಳೇದಲ್ರಿ?" ಎಂದ ಹನುಮಂತ. "ಮಿತಾಹಾರಿ."

"ಕಡಿಮಿ ಹಿಡಿತೈತಿ ಅಂದ್ರ ಕಡಿಮೀನ ಓಡತೈತಿ, ಬೀಗರ. ಹಂಡೆ ಒಳಗ ಕೆಸರು ತುಂಬೇತಿ. ಮ್ಯಾಲೆ ತುಳುಕಿದ್ದು ನೋಡಿ ನಾವು ನೀರು ತುಂಬೇತಿ ಅನ್ನಾಕತ್ತೀವಿ." ಅವರು ಮಂಚದ ಮೇಲೆ ಕುಳಿತರು. ಬೆರಳ ಮೇಲೆ ಲೆಕ್ಕವನ್ನು ಇನ್ನೊಮ್ಮೆ ಹಾಕಿದರು. ಆಮೇಲೆ ಎದ್ದು ನಿಂತು, ಕಚೇರಿಯಲ್ಲಿ ಆದೇಶ ಓದುವವರ ಹಾಗೆ ಹೇಳಿದರು: "ಸುಂದರಾಬಾಯಾರ, ಈ ಗಾಡಿ ನಿಮಗ ಕೊಡಂಗಿಲ್ಲ."

"ಅಯ್ಯ, ಏನ ಮಾತಾಡಾಕತ್ತೀರಿ!" ಸತ್ಯಭಾಮಾ ಬೆಚ್ಚಿದರು. "ಕೊಡ್ತೀನಿ ಅಂತ ಬಾಯಿ ಬಿಟ್ಟು ಹೇಳೀರಿ. ಬೀಗರ ಮುಂದ ಮರ್ಯಾದಿ ಏನ ಉಳೀತು?"

"ಹಿಂಗ ಇದ್ದಂಗ ಕೊಟ್ರ ಉಳಿಯೂದಿಲ್ಲ. ಬ್ಯಾಟರಿ ಗ್ಯಾರಂಟಿ ಇನ್ನಾ ನಾಕು ವರ್ಷ ಐತಿ. ನಾಳೆ ಸರ್ವೀಸಿಗೆ ಒಯ್ದು ತೋರಸ್ತೀನಿ. ಸರಿ ಆಗೂತನಾ ಕೊಡಂಗಿಲ್ಲ. ನೀವು ಸಿಟ್ಟಾಗಬ್ಯಾಡ್ರಿ."

ಸುಂದರಾಬಾಯಿ ಸಿಟ್ಟಾಗಲಿಲ್ಲ. ಮುಖದ ಮೇಲೆ ಎಷ್ಟು ಬೇಕೋ ಅಷ್ಟೇ ನಿರಾಸೆ ತಂದುಕೊಂಡಳು. "ನೀವು ಇಂಜಿನಿಯರು, ನಿಮಗ ತಿಳೀತೈತಿ. ನೀವು ಕಾಯ್ರಿ ಅಂದ್ರ ಕಾಯ್ತೀನಿ. ಚಹಾ ಆರಾಕತ್ತೇತ್ರಿ."

ಸರ್ವೀಸಿನವರು ಯಂತ್ರ ಜೋಡಿಸಿ ನೋಡಿದರು. ಬ್ಯಾಟರಿ ನಿಜಕ್ಕೂ ದಣಿದಿತ್ತು. ಒಳಗಿನ ಒಂದು ಸಾಲು ಉಳಿದವನ್ನೂ ಹಿಂದಕ್ಕೆಳೆಯುತ್ತಿತ್ತು. ಗ್ಯಾರಂಟಿಯ ಮಿತಿಗಿಂತ ಕೆಳಗಿಳಿದಿದ್ದರಿಂದ ಬದಲಾಯಿಸಿ ಕೊಡಲು ಒಪ್ಪಿದರು. ಜೊತೆಗೆ, ಕಾದ ತಗಡಿನ ಕೆಳಗೆ ಸದಾ ನೂರು ತುಂಬಿಸಿ ನಿಲ್ಲಿಸಿದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ದಿನದ ಓಡಾಟಕ್ಕೆ ಎಂಬತ್ತು ಸಾಕು ಎಂದೂ ಹೇಳಿಕಳಿಸಿದರು. ಅರಿವೆಯಿಂದ ಒರೆಸಿ, ಬಿಸಿಲಿಗೆ ಬೇಯಿಸಿ, ಕಂಠಪೂರ್ತಿ ಉಣಿಸಿ ಸಾಕಿದ ಕಾರು ಮುದ್ದಿನಿಂದಲೇ ಬಡವಾಗಿತ್ತು. ಈ ಮಾತನ್ನು ಸತ್ಯಭಾಮಾ ಇವತ್ತಿಗೂ ಪೂರ್ತಿ ನಂಬಿಲ್ಲ.

ಕಾರು ರಿಪೇರಿಯಾಗಿ ಬಂದ ದಿನ ಸಾಹೇಬರು ನೇರವಾಗಿ ಸನತ್‌ನಗರದ ಗೋಡೌನಿಗೇ ತಂದರು. ಯಾರೂ ಕೇಳಿರಲಿಲ್ಲ. ಬಲ್ಬು ಆರಿಸಿ, ಪ್ಲಗ್ ಚುಚ್ಚಿ, ಮೀಟರಿನೆದುರು ಮಂಚದ ಮೇಲೆ ಕುಳಿತರು. ಯೂನಿಟ್ಟುಗಳು ಲೆಕ್ಕದಂತೆಯೇ ಏರಿದವು. ಎಂಬತ್ತಾದಾಗ ಸುಂದರಾಬಾಯಿ ಪ್ಲಗ್ ಕಿತ್ತಳು.

"ಇನ್ನಾ ತುಂಬಿಲ್ಲಲ್ರಿ!" ಸತ್ಯಭಾಮಾ ಎದೆ ಮೇಲೆ ಕೈಯಿಟ್ಟುಕೊಂಡರು. "ನಿಮ್ಮ ಮಗಳ ಮನೀಯಿಂದ ಬಂದ ಗಾಡಿ, ಅರ್ಧಾ ಉಡೀಲೆ..."

"ಅಕ್ಕಾರ, ಉಡಿ ತುಂಬಿದ ಮ್ಯಾಲ ಒಂದು ಹಿಡಿ ಅಕ್ಕಿ ತಿರುಗಿ ತಟ್ಟಿಗೆ ಹಾಕಂಗಿಲ್ಲೇನ್ರಿ ನಾವು? ಇದು ಆ ಹಿಡಿ."

ಸತ್ಯಭಾಮಾ ಯೋಚಿಸಿದರು. ಪದ್ಧತಿಯಲ್ಲಿ ಇದ್ದದ್ದೇ. ಅರೆಮನಸ್ಸಿನಿಂದ ತಲೆಯಾಡಿಸಿ, ಆ ಕೊರತೆ ನೀಗಿಸಲೆಂಬಂತೆ ಮುಂದಿನ ಸೀಟಿನ ಮೇಲೆ ಎರಡು ತೆಂಗಿನಕಾಯಿ ಇಟ್ಟರು. ಪ್ಲಾಸ್ಟಿಕ್ಕಿನ ಮೇಲೆ ಅವು ಉರುಳಿ ಕೆಳಗೆ ಬಿದ್ದವು.

ಸಾಹೇಬರು ಬೀಗದಕೈ ಸುಂದರಾಬಾಯಿಯ ಅಂಗೈಗಿಟ್ಟರು. ಇಟ್ಟ ಮೇಲೆ ಗೋಡೆಯ ಕಡೆ, ಬಲ್ಬಿನ ಪಕ್ಕದ ಸಣ್ಣ ಪ್ಲಗ್ಗಿನ ಕಡೆ ನೋಡಿದರು. ಹನುಮಂತನ ಫೋನು ಅಲ್ಲಿ ಆರಾಮಾಗಿ ಚಾರ್ಜಾಗುತ್ತಿತ್ತು.

"ಇದು ರಿಪೇರಿ ಆತೇನ್ರಿ, ಸುಂದರಾಬಾಯಾರ?"

"ನೀವು ಹೋದ ಮರುದಿನಾನ ಸರಿಹೋತ್ರಿ, ಬೀಗರ."

"ತಾನ ಕೆಟ್ಟಿತು, ತಾನ ಸರಿಹೋತು" ಎಂದರು ಸಾಹೇಬರು. ಮೀಸೆಯೊಳಗೆ ಏನೋ ಅಲ್ಲಾಡಿತು. "ಭಾಳ ಶಾಣ್ಯಾ ಪ್ಲಗ್ ಬಿಡ್ರಿ."

ಸುಂದರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀಡಿಮೆಟ್ಲಾದ ಗಂಟುಗಳನ್ನು ಹಿಂದಿನ ಸೀಟಿಗೆ ಹೇರತೊಡಗಿದಳು. ಬೀಗರ ಮುಖದ ಮೇಲೆ, ತಾವೇ ಗೆದ್ದ ಗೆಲುವು ಹಾಗೇ ಉಳಿದಿತ್ತು.