ಪರದೆ ಬಟ್ಟೆಯ ಅಂಗಿ

ಟೇಪಕ್ಕ ಎಂಬ ಹೆಸರು ಅವಳಿಗೆ ಕಾರ್ಖಾನೆಯಲ್ಲಿ ಬಂದದ್ದು. ಅಳತೆಯ ಟೇಪು ಅವಳ ಕೊರಳು ಬಿಟ್ಟು ಇಳಿಯುತ್ತಿದ್ದದ್ದು ಸ್ನಾನದ ಹೊತ್ತಿಗೆ ಮಾತ್ರ. ಅವಳ ಮದುವೆ ಫೋಟೋದಲ್ಲೂ ಅದು ಇದೆ, ಹುಡುಕಿದರೆ ಸಿಗುತ್ತೆ ಎಂದು ಅವಳ ತಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಅದು ಸೈನ್ಯದ ಸಮವಸ್ತ್ರ ಹೊಲಿಯುವ ಸರ್ಕಾರಿ ಕಾರ್ಖಾನೆ. ಅವಳು ಅಧಿಕಾರಿಗಳ ಅಂಗಿ ಹೊಲಿಯುವ ಸಾಲಿನಲ್ಲಿ ಕೂರುತ್ತಿದ್ದಳು. ತಮ್ಮ ಬಟ್ಟೆ ಕತ್ತರಿಸುವ ಮೇಜಿನಲ್ಲಿದ್ದ. ಹುಟ್ಟಿನಿಂದ ಅವನ ಎಡಗಾಲು ಗಿಡ್ಡ. ಎತ್ತರದ ಸ್ಟೂಲಿನ ಮೇಲೆ ಕೂತೇ ಕೆಲಸ ಮಾಡುತ್ತಿದ್ದ. ಅವನ ಪ್ಯಾಂಟಿನ ಎಡಗಾಲನ್ನು ಮಡಚಿ ಹೊಲಿಯುವುದನ್ನು ಟೇಪಕ್ಕ ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ, ಅವನ ಹೆಂಡತಿಗೂ.

ಯುದ್ಧ ಗೆಲ್ಲುತ್ತಿದ್ದೇವೆ ಎಂದು ರೇಡಿಯೋ ದಿನವೂ ಹೇಳುತ್ತಿತ್ತು. ಕಾರ್ಖಾನೆಯವರಿಗೆ ಗುಂಡಿಗಳನ್ನು ನೋಡಿದರೆ ಬೇರೆಯೇ ಸುದ್ದಿ ತಿಳಿಯುತ್ತಿತ್ತು. ಮೊದಲು ಹಿತ್ತಾಳೆಯ ಗುಂಡಿ ನಿಂತು ತಗಡಿನದು ಬಂತು. ಆಮೇಲೆ ಪ್ಲಾಸ್ಟಿಕ್. ಆಮೇಲೆ, ಸಿಪಾಯಿಗಳ ಅಂಗಿಗೆ ಕೊನೆಯ ಗುಂಡಿ ಬೇಡ, ಹೇಗೂ ಅದು ಪ್ಯಾಂಟಿನೊಳಗೆ ಹೋಗುತ್ತದೆ ಎಂಬ ಆದೇಶ. ದಾರ ಒಂದೆಳೆಗೆ ಇಳಿಯಿತು, ಬಟ್ಟೆ ಜಾಳಾಯಿತು. ಅಧಿಕಾರಿಗಳ ಭುಜಪಟ್ಟಿಗೆ ಬೇಕಾದ ಜರಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸಿಪಾಯಿಗಳು ಕಡಿಮೆಯಾದಷ್ಟೂ ಮೇಜರ್‌ಗಳು ಹೆಚ್ಚುತ್ತಿದ್ದರು.

ಬಟ್ಟೆಯ ಉಗ್ರಾಣ ಒಬ್ಬ ಮೇಜರನ ಕೈಯಲ್ಲಿತ್ತು. ಮನುಷ್ಯ ಬಾಗಿಲಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ; ಹೆಂಗಸರೆಲ್ಲ ಅವನನ್ನು ಬೀರು ಎನ್ನುತ್ತಿದ್ದರು. ಒಳ್ಳೆಯ ಬಟ್ಟೆ ಹಿಂದಿನ ಗೇಟಿನಿಂದ ಲಾರಿಯಲ್ಲಿ ಹೋಗುವುದು, ಜಾಳು ಬಟ್ಟೆ ಮುಂದಿನ ಗೇಟಿನಿಂದ ಬರುವುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟವನು ತಮ್ಮ ಒಬ್ಬನೇ.

"ಸಾರ್, ಇದರಲ್ಲಿ ಸೊಳ್ಳೆ ತಡೀಬಹುದು, ಚಳಿ ತಡೆಯೋಕಾಗಲ್ಲ," ಅಂದ, ಬಟ್ಟೆಯನ್ನು ಮುಖಕ್ಕೆ ಹಿಡಿದು ಅದರ ಮೂಲಕವೇ ಮೇಜರನನ್ನು ನೋಡುತ್ತ.

ಇಡೀ ಸಾಲು ನಕ್ಕಿತು. ಆ ಸಂಜೆಯೇ ದೇಶದ್ರೋಹಿ ಎಂದು ಅವನನ್ನು ಜೀಪಿಗೆ ಹತ್ತಿಸಿದರು. ಟೇಪಕ್ಕ ಮೇಜರನ ಕೋಣೆಯ ಮುಂದೆ ದಿನಗಟ್ಟಲೆ ನಿಂತಳು. ಕೊನೆಗೊಮ್ಮೆ ಅವನು ತಲೆ ಎತ್ತಿ, "ಯಾವ ತಮ್ಮ?" ಎಂದು ಕೇಳಿದ. ಅವಳು ನಮಸ್ಕಾರ ಮಾಡಿ ಹೊರಗೆ ಬಂದಳು. ಅಂದಿನಿಂದ ಅವಳು ಬೇರೇನನ್ನೂ ಬಯಸಲಿಲ್ಲ. ಈ ಮನುಷ್ಯ ತನ್ನ ಕೈಗೆ ಸಿಗಬೇಕು, ತಮ್ಮ ಎಲ್ಲಿದ್ದಾನೆಂದು ಹೇಳಬೇಕು, ಆಮೇಲೂ ತಪ್ಪಿಸಿಕೊಂಡು ಹೋಗಬಾರದು.

ಅಧ್ಯಕ್ಷರು ವಿಮಾನ ಹತ್ತಿದರೆಂಬ ಸುದ್ದಿ ಬಂದ ದಿನ ಕಾರ್ಖಾನೆಯ ಕಾವಲುಗಾರ ಗೇಟಿಗೆ ಬೀಗ ಹಾಕಿದ. ಬೀಗದ ಕೈಯನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ ಸಂಜೆಯವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದ. ಒಂದು ಸರ್ಕಾರ ಬಿದ್ದುಹೋಯಿತು ಅಂದರೆ ಏನೆಂದು ಟೇಪಕ್ಕನಿಗೆ ಗೊತ್ತಾದದ್ದು ಅವನನ್ನು ನೋಡಿ.

ಊರಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ಸೇತುವೆ. ಅದನ್ನು ಬಂಡುಕೋರರು ಹಿಡಿದಿದ್ದರು. ಅವರ ನಾಯಕ ಮೊದಲು ಬಸ್ ಕಂಡಕ್ಟರ್ ಆಗಿದ್ದವನು; ಈಗಲೂ ಸೀಟಿ ಊದಿ, "ಒಬ್ಬೊಬ್ಬರೇ, ಒಬ್ಬೊಬ್ಬರೇ!" ಎಂದು ಕೂಗುತ್ತಿದ್ದ. ಸಿಪಾಯಿಗಳನ್ನು ಅವರು ಬೈದು ಬಿಟ್ಟುಬಿಡುತ್ತಿದ್ದರು. ಅವರಿಗೆ ಬೇಕಾಗಿದ್ದವರು ಅಧಿಕಾರಿಗಳು. ದಿನವೂ ಸೇತುವೆಯ ಕೆಳಗೆ ನೀರಿಗೆ ಹೋಗುತ್ತಿದ್ದ ತಮ್ಮನ ಹೆಂಡತಿ ಅವರ ಉಪಾಯವನ್ನು ನೋಡಿ ಬಂದಳು.

"ಅತ್ತಿಗೆ, ಅಂಗಿ ಬಿಚ್ಚಿಸಿ ಬಿಸಿಲಿಗೆ ಹಿಡೀತಾರೆ. ಭುಜದಲ್ಲಿ ಎರಡು ಕಪ್ಪು ತುಂಡು ಕಂಡರೆ ಮುಗೀತು, ಪಕ್ಕಕ್ಕೆ ಎಳ್ಕೊಂಡು ಹೋಗ್ತಾರೆ."

ಟೇಪಕ್ಕನಿಗೆ ತಕ್ಷಣ ಅರ್ಥವಾಯಿತು. ಭುಜಪಟ್ಟಿ, ಅದರ ಮೇಲಿನ ಲೋಹದ ನಕ್ಷತ್ರ, ಎರಡೂ ಭಾರ. ಬಟ್ಟೆ ಹರಿಯದಿರಲೆಂದು ಅಧಿಕಾರಿಗಳ ಅಂಗಿಗೆ ಮಾತ್ರ ಭುಜದ ಒಳಗೆ ಇನ್ನೊಂದು ತುಂಡು ಬಟ್ಟೆ ಇಟ್ಟು ಹೊಲಿಯುತ್ತಾರೆ. ಓಡುವ ಅವಸರದಲ್ಲಿ ಅವರು ಪಟ್ಟಿ ಕೀಳುತ್ತಿದ್ದರು, ಒಳಗಿನ ತುಂಡು ಯಾರಿಗೂ ನೆನಪಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಮನೆ ಬಾಗಿಲಿನಿಂದ ಬರುತ್ತಿದ್ದ ಬೆಳಕು ನಿಂತುಹೋಯಿತು. ತಲೆ ಎತ್ತಿದರೆ ಬೀರು. ಮೈಮೇಲೆ ಬನಿಯನ್, ಕಂಕುಳಲ್ಲಿ ಸುತ್ತಿದ ಬಟ್ಟೆ, ಸೊಂಟದಲ್ಲಿ ಪಿಸ್ತೂಲು.

"ಅಕ್ಕಾ, ಗುರುತು ಸಿಕ್ತಾ?" ಅಂದ. ಕಾರ್ಖಾನೆಯಲ್ಲಿ ಅವಳನ್ನು "ಏಯ್" ಎಂದು ಕರೆಯುತ್ತಿದ್ದವನು.

"ನಿಮ್ಮನ್ನ ಮರೆಯೋಕಾಗುತ್ತಾ ಸಾರ್? ನಿಮ್ಮೊಬ್ಬರ ಬಟ್ಟೇಲಿ ನಮಗೆ ಎರಡು ಅಂಗಿ ಆಗ್ತಿತ್ತು."

ಅವನು ನಗಲು ನೋಡಿದ. ಸಚಿವಾಲಯದ ನೆಲಮಾಳಿಗೆಯಲ್ಲಿ ಅಡಗಿದ್ದನಂತೆ. ಮನೆ ಲೂಟಿಯಾಗಿದೆ, ಬೇರೆಯವರ ಬಟ್ಟೆ ಅವನ ಮೈಗೆ ಹಿಡಿಸುವುದಿಲ್ಲ. ಸಮವಸ್ತ್ರದ ಪಟ್ಟಿ ಕಿತ್ತರೆ ಆ ಜಾಗದ ಬಣ್ಣ ಬೇರೆ ಕಾಣುತ್ತದೆಂದು ಯಾರೋ ಹೇಳಿದ್ದರಂತೆ. ಅದಕ್ಕೇ ಹೊಸ ಬಟ್ಟೆ ತಂದಿದ್ದ. ಅದು ಮಂತ್ರಿಗಳ ಕಿಟಕಿಯ ಪರದೆ. ತಿಳಿನೀಲಿ, ತೆಳು, ಅಂಚಿನಲ್ಲಿ ಉಂಗುರಗಳು ಇನ್ನೂ ಹಾಗೇ ಇದ್ದವು.

"ಹೊಲ್ದುಕೊಡು. ನಾಳೆ ಸೇತುವೆ ದಾಟಬೇಕು. ಸ್ಕೂಲ್ ಮೇಷ್ಟ್ರು ಅಂತ ಹೇಳ್ತೀನಿ."

"ಹೊಲೀತೀನಿ. ನನ್ನ ತಮ್ಮ ಎಲ್ಲಿ ಅಂತ ನಿಜ ಹೇಳಿ. ಹೇಳಿದ್ರೆ ಒಂದು ಎಳೆ ಆಚೀಚೆ ಆಗದ ಅಂಗಿ ಕೊಡ್ತೀನಿ."

ಮೇಜರ್ ಪಿಸ್ತೂಲನ್ನು ಮೆಷಿನ್ನಿನ ಹಲಗೆಯ ಮೇಲಿಟ್ಟು ಕೂತ. ಯಾವ ತಮ್ಮ ಎಂದು ಈ ಸಲ ಕೇಳಲಿಲ್ಲ.

"ಅವನಾ? ಬಿಟ್ಬಿಟ್ಟೆ ಅಕ್ಕಾ. ನನಗೂ ಹೆಂಡತಿ ಮಕ್ಕಳಿಲ್ವಾ? ನಾನೇ ಗಡಿವರೆಗೆ ಕರ್ಕೊಂಡು ಹೋಗಿ ಬಿಟ್ಟೆ. ಓಡಿದ ನೋಡು, ಒಳ್ಳೇ ಜಿಂಕೆ ಥರ! ತಿರುಗಿ ಕೂಡ ನೋಡಲಿಲ್ಲ."

ಟೇಪಕ್ಕನ ಕೈಯಲ್ಲಿ ಕತ್ತರಿ ಇತ್ತು. ಎದುರಿಗೆ ಅವನ ಕೊರಳು. ಅದರ ಅಳತೆ ಅವಳಿಗೆ ಬಾಯಿಪಾಠ. ಗಿಡ್ಡ ಕಾಲಿನವನು ಜಿಂಕೆಯಂತೆ ಓಡಿದನಂತೆ. ಇವನಿಗೆ ಅವನ ನೆನಪೇ ಇಲ್ಲ. ತಾನು ಕೊಂದವನ ಮುಖವನ್ನಾದರೂ ನೆನಪಿಟ್ಟುಕೊಳ್ಳಬಾರದೇ?

"ಸದ್ಯ, ಬದುಕಿದ್ದಾನಲ್ಲ," ಎಂದಳು. "ನೇರ ನಿಂತ್ಕೊಳ್ಳಿ ಸಾರ್. ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪುತ್ತೆ."

ಉಂಗುರ ಕಿತ್ತು ಬಟ್ಟೆ ಕತ್ತರಿಸಿದಳು. ಕರೆಂಟಿಲ್ಲದ ಕೋಣೆಯ ಮಬ್ಬಿನಲ್ಲಿ ಕಾಲುಮೆಷಿನ್ನು ಬಡಬಡನೆ ಓಡಿತು. ಹೊಲಿಯುತ್ತಿದ್ದಷ್ಟು ಹೊತ್ತೂ ಅವಳಿಗೆ ದಾರಿಯೇ ಹೊಳೆಯಲಿಲ್ಲ. ಅಂಗಿ ಚೆನ್ನಾಗಿಯೇ ಬಂತು, ಹಾಳು ಕೈ, ಕೆಟ್ಟದಾಗಿ ಹೊಲಿಯುವುದು ಅದಕ್ಕೆ ಬಾರದು. ಇದನ್ನು ತೊಟ್ಟರೆ ಇವನು ಮೇಷ್ಟ್ರೇ. ನಾಳೆ ಆಚೆ ದಡದಲ್ಲಿರುತ್ತಾನೆ.

ಮೇಜರ್ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ. ಭುಜ ಕುಣಿಸಿದ. ಮುಖ ಹುಳ್ಳಗಾಯಿತು.

"ಏನಿದು, ಭುಜ ಹೀಗೆ ಜೋತುಬಿದ್ದಿದೆ? ಒದ್ದೆ ಟವೆಲ್ ಹೊದ್ದ ಹಾಗಿದೆ."

ಟೇಪಕ್ಕ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

"ಬಟ್ಟೆ ತೆಳು ಸಾರ್. ನಿಮ್ಮ ಅಂಗಿಗೆಲ್ಲ ಭುಜದೊಳಗೆ ಒಂದು ತುಂಡು ಕೊಡ್ತಿದ್ವಿ, ಅದಕ್ಕೇ ಹಾಗೆ ನಿಲ್ತಿತ್ತು. ಇದಕ್ಕೂ ಕೊಡಲಾ?"

"ಕೇಳಬೇಕಾ ಅದನ್ನ? ಕೊಡು."

ಮಿಕ್ಕ ಪರದೆಯಲ್ಲಿ ಎರಡು ತುಂಡು ಕತ್ತರಿಸಿದಳು. ಒಂದೊಂದನ್ನೂ ಮೂರು ಪದರ ಮಾಡಿ, ಅಂಚನ್ನು ಚೆನ್ನಾಗಿ ಒಳಗೆ ಮಡಚಿ, ಕಾರ್ಖಾನೆಯಲ್ಲಿ ಕಲಿತ ಹಾಗೆ ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿದಳು. ಜೀವಮಾನದಲ್ಲಿ ಅಷ್ಟು ಇಷ್ಟಪಟ್ಟು ಹೊಲಿದದ್ದು ಅವಳಿಗೆ ನೆನಪಿಲ್ಲ. ಮೇಜರ್ ಮತ್ತೆ ತೊಟ್ಟು, ಬೆನ್ನು ನೆಟ್ಟಗೆ ಮಾಡಿ, "ಹಾಂ, ಈಗ ಅಂಗಿ ಅನ್ನಿಸ್ತು," ಅಂದ.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವಳು ತಮ್ಮನ ಹೆಂಡತಿಯ ಜೊತೆ ಕೊಡ ಹಿಡಿದು ಸೇತುವೆಗೆ ಹೋದಳು. ಸರದಿಯಲ್ಲಿ ನೀಲಿ ಅಂಗಿ ದೂರದಿಂದಲೇ ಕಾಣುತ್ತಿತ್ತು. ಕಂಡಕ್ಟರ್ ಅಂಗಿ ಬಿಚ್ಚಿಸಿ ಸೂರ್ಯನಿಗೆ ಎತ್ತಿ ಹಿಡಿದ. ಅಂಗಿಯ ತುಂಬ ಬೆಳಕು ಹರಿಯಿತು. ಭುಜಗಳಲ್ಲಿ ಮಾತ್ರ ಎರಡು ಕಪ್ಪು ಚೌಕ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

"ಏನ್ ಮೇಷ್ಟ್ರೇ, ಪಾಠ ಮಾಡೋಕೆ ನಕ್ಷತ್ರ ಹಾಕ್ಕೋತಿದ್ರಾ?"

ಮೇಜರನ ಕಣ್ಣು ಸುತ್ತ ಓಡಿ ಟೇಪಕ್ಕನ ಮೇಲೆ ನಿಂತಿತು. "ಅವಳೇ ಹೊಲಿದದ್ದು! ಬಟ್ಟೆ ತೆಳು ಅಂತ ಹಾಕಿದ್ದು! ಅಕ್ಕಾ, ಹೇಳಿ ಅಕ್ಕಾ!"

ಅವನ ಮಾತು ನಿಜವೇ. ಅವಳು ಹೌದೆಂದಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದರು. ಅವಳು ಕೊಡ ಕೆಳಗಿಟ್ಟು ಅವನ ಹತ್ತಿರಕ್ಕೆ ಹೋದಳು.

"ನನ್ನ ತಮ್ಮ ಎಲ್ಲಿ?"

ಅವನ ಬನಿಯನ್ ಬೆವರಿನಿಂದ ಮೈಗೆ ಅಂಟಿತ್ತು. "ಬ್ಯಾರಕ್ಕಿನ ಹಿಂದೆ... ಕಲ್ಲುಗಣಿ," ಎಂದು ಪಿಸುಗುಟ್ಟಿದ. "ಅವತ್ತೇ."

"ಓಡಿದ್ನಾ?"

"ಇಲ್ಲ."

ಟೇಪಕ್ಕ ಕಂಡಕ್ಟರನ ಕಡೆ ತಿರುಗಿದಳು. "ಅಧಿಕಾರಿಗಳ ಅಂಗಿಗೆ ಮಾತ್ರ ಹೀಗೆ ತುಂಡು ಕೊಡ್ತೀವಿ," ಎಂದಳು. ಅದೂ ನಿಜವೇ.

ಅವನನ್ನು ಎಳೆದುಕೊಂಡು ಹೋಗುವಾಗ ಅವಳು ಮುಖ ತಿರುಗಿಸಲಿಲ್ಲ. ಕೊನೆಯವರೆಗೂ ನೋಡಿದಳು. ಆಮೇಲೆ ಕೊಡ ತುಂಬಿಕೊಂಡಳು.

ಟೇಪಕ್ಕ, ತಮ್ಮನ ಹೆಂಡತಿ ಇಬ್ಬರೂ ಕಲ್ಲುಗಣಿಗೆ ಹೋದರು. ಅಲ್ಲಿ ಅವನೊಬ್ಬನೇ ಇರಲಿಲ್ಲ. ಅವನನ್ನು ಗುರುತು ಹಿಡಿದದ್ದು ಪ್ಯಾಂಟಿನಿಂದ, ಎಡಗಾಲಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. "ನಿಮ್ಮ ಹೊಲಿಗೆ, ಅತ್ತಿಗೆ," ಎಂದಳು ಅವಳು. ಟೇಪಕ್ಕ ಅಲ್ಲೇ ಕೂತು ಆ ಮಡಿಕೆಯನ್ನು ಕೈಯಿಂದ ಸರಿಮಾಡಿದಳು. ಸಾಯುವವರೆಗೂ ತನಗೆ ಸೇತುವೆಯ ಬಗ್ಗೆ ಪಶ್ಚಾತ್ತಾಪ ಆಗುವುದಿಲ್ಲ ಎಂದು ಅವಳಿಗೆ ಖಚಿತವಾದದ್ದು ಆಗ.

ತಿಂಗಳು ಕಳೆಯುವುದರೊಳಗೆ ಕಂಡಕ್ಟರ್ ಅವಳ ಬಾಗಿಲಿಗೆ ಬಂದ. ಈಗ ಅವನು ಕಮಾಂಡರ್. ಕೊರಳಲ್ಲಿ ಸೀಟಿ ಇರಲಿಲ್ಲ. ಹಿಂದೆ ಒಬ್ಬ ಬಟ್ಟೆಯ ಥಾನು ಹೊತ್ತು ನಿಂತಿದ್ದ. ಒಳ್ಳೆಯ ಬಟ್ಟೆ, ಮೇಜರ್ ಮಾರಿಕೊಳ್ಳುತ್ತಿದ್ದ ಅದೇ ಬಟ್ಟೆ.

"ಅಂಗಿ ಆಗಬೇಕು ಅಕ್ಕಾ. ಭುಜಕ್ಕೆ ಪಟ್ಟಿ ಇರ್ಲಿ. ಜರಿ ಸಿಗುತ್ತಾ?"

"ಸಿಗುತ್ತೆ. ಅದೊಂದು ಯಾವತ್ತೂ ಸಿಗುತ್ತೆ."

ಅವಳು ಕೊರಳಿನ ಟೇಪು ಎಳೆದು ಅವನ ಭುಜದಿಂದ ಭುಜಕ್ಕೆ ಹಿಡಿದಳು, ಆಮೇಲೆ ಕೊರಳಿನ ಸುತ್ತ.

"ಉಸಿರು ಬಿಗಿ ಹಿಡೀಬೇಡಿ ಸಾರ್," ಎಂದಳು. "ನಾನು ಒಂದೇ ಸಲ ಅಳತೆ ತಗೊಳ್ಳೋದು. ಆಮೇಲೆ ಮರೆಯೋದಿಲ್ಲ."