ಒಲೆ ಹಚ್ಚದ ಕ್ರಿಸ್‌ಮಸ್

ಆ ಮನೆಯ ಒಡತಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಚರ್ಚಿನಲ್ಲಿ ಫಾದರ್ ಎಷ್ಟೋ ಸಲ ಹೇಳಿದ್ದಾರೆ. ಅವರೇನು ಆಕೆಯ ವಠಾರದಲ್ಲಿ ಬಾಡಿಗೆಗೆ ಇದ್ದವರಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ಮಹದೇವಪುರದ ಕಡೆ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಒಂದು ರೈತ ಕುಟುಂಬ ಎಮ್ಮೆ ಕೊಟ್ಟಿಗೆಯ ಪಕ್ಕ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿತ್ತು. ಆ ಸಾಲಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ.

ಅಲ್ಲಿಗೆ ಹೋದ ಮೊದಲ ವರ್ಷ ಕ್ರಿಸ್‌ಮಸ್‌ಗೆ ಒಡತಿಯ ಮನೆಗೆ ಒಂದು ತಟ್ಟೆ ಕೇಕು, ಎಣ್ಣೆಯಲ್ಲಿ ಕರಿದು ಸಕ್ಕರೆ ಹಚ್ಚಿದ ಕಲ್ಕಲ್ ಕೊಟ್ಟು ಬಂದಿದ್ದೆ. ಮರುದಿನ ಹಾಲಿಗೆ ಹೋದಾಗ ನೋಡುತ್ತೇನೆ, ಅಷ್ಟೂ ಎಮ್ಮೆಯ ಕಲಗಚ್ಚಿನಲ್ಲಿ ತೇಲುತ್ತಿದೆ. ತಟ್ಟೆಯನ್ನು ತೊಳೆದು ಬರಿದಾಗಿ ಕಳಿಸಿದ್ದಳು. ನಮ್ಮ ಕಡೆ ಎಂಥ ಬಡವರೂ ಬರಿ ತಟ್ಟೆ ವಾಪಸ್ ಕೊಡುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.

ಮರುವರ್ಷ ಡಿಸೆಂಬರಿನಲ್ಲಿ ಆಕೆಯೇ ಬಂದು ಬಾಗಿಲಲ್ಲಿ ನಿಂತಳು. ಮಗ ಅಯ್ಯಪ್ಪನ ಮಾಲೆ ಹಾಕಿದ್ದ.

“ಸಂಕ್ರಾಂತಿ ಗಂಟ ಈ ವಠಾರದಾಗೆ ಬಾಡು, ಮೊಟ್ಟೆ ಏನೂ ಆಗ್ಕೂಡ್ದು. ನಿಮ್ ಅಬ್ಬಕ್ಕೂ ಅಷ್ಟೆ.”

“ನಮ್ಮ ಹಬ್ಬ ನಿಮಗೇನು ಮಾಡ್ತಕ್ಕ?” ಎಂದೆ.

“ಏನೂ ಮಾಡಿಲ್ಲ. ಮಾಡ್ಬಾರ್ದು ಅಂತ್ಲೇ ಏಳ್ತಿರೋದು.”

ಸಂಜೆ ಗಂಡನಿಗೆ ಹೇಳಿದರೆ ಅವರು ಬೂಟು ಬಿಚ್ಚುತ್ತಾ, “ಒಂದು ವರ್ಷ ಕೇಕ್ ಇಲ್ದಿದ್ರೆ ಏನಾಗುತ್ತೆ? ಬೇರೆ ಮನೆ ಎಲ್ಲಿ ಹುಡುಕ್ಲಿ?” ಅಂದರು. ಪ್ರತಿ ವರ್ಷ ಮೊಟ್ಟೆ ಒಡೆದು ಹಿಟ್ಟು ಕಲಸಿ, ಟ್ರೇನಲ್ಲಿ ಸುರಿದು ಬೇಕರಿಗೆ ಒಯ್ದು ಬೇಯಿಸಿಕೊಂಡು ಬರುತ್ತಿದ್ದವಳು ನಾನು. ಗಂಡನ ಮೇಲೂ ಕೋಪ ಬಂತು.

ಆವಾಗಲೇ ಹಟ ಹಿಡಿದೆ. ಎಸೆಯಲು ಆಕೆಗೆ ಒಂದು ನೆಪವೂ ಸಿಗಬಾರದು, ಅಂಥದ್ದನ್ನು ಮಾಡಬೇಕು. ಮೊಟ್ಟೆ ಇಲ್ಲ, ಎಣ್ಣೆ ಇಲ್ಲ, ಒಲೆಯನ್ನೇ ಹಚ್ಚುವುದಿಲ್ಲ. ಒಣಕೊಬ್ಬರಿಯನ್ನು ಸಣ್ಣಗೆ ತುರಿದೆ. ಡಬ್ಬಿಯ ಹಾಲಿನ ಪುಡಿ, ಕುಟ್ಟಿ ಜರಡಿ ಹಿಡಿದ ಸಕ್ಕರೆ ಸೇರಿಸಿದೆ. ಬೆಣ್ಣೆ ಮಾತ್ರ ಬೇಕೆಂದೇ ಆಕೆಯ ಮನೆಯಿಂದ ಕೊಂಡು ತಂದೆ. ಬೆಣ್ಣೆ ಒಂದಿಷ್ಟು ಹೆಚ್ಚಾದರೂ ಉಂಡೆ ಜೋಲು ಬೀಳುತ್ತದೆ. ಸ್ವಲ್ಪಸ್ವಲ್ಪವೇ ಹಾಕಿ ನಾದಿದೆ. ಅರ್ಧಕ್ಕೆ ಗುಲಾಬಿ ಬಣ್ಣ ಕಲಸಿ, ಇನ್ನರ್ಧ ಬೆಳ್ಳಗೇ ಬಿಟ್ಟು, ಉಂಡೆ ಕಟ್ಟಿ ನೆತ್ತಿಗೊಂದು ಗೋಡಂಬಿ ಒತ್ತಿದೆ. ಸಿಟ್ಟಿನಲ್ಲಿ ನಾದಿದ್ದಕ್ಕೋ ಏನೋ, ಒಂದೂ ಬಿರುಕು ಬಿಡಲಿಲ್ಲ.

ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬಂದವಳೇ ತಟ್ಟೆ ಹಿಡಿದು ಆಕೆಯ ಜಗಲಿ ಮುಂದೆ ನಿಂತೆ.

“ಒಲೆ ಮುಟ್ಟಿಸಿಲ್ಲ, ಮೊಟ್ಟೆ ಇಲ್ಲ, ಬೆಣ್ಣೆ ನಿಮ್ಮದೇ. ಇದನ್ನೂ ಎಮ್ಮೆಗೆ ಹಾಕ್ತೀರಾ?”

ಆಕೆಯ ಮುಖ ಗಂಟಾಯಿತು. “ಅಲ್ಲಿ ಮಡುಗು,” ಅಂದಳು, ಅಷ್ಟೆ.

ಸಂಜೆ ಅವರ ಅಂಗಳದಲ್ಲಿ ಭಜನೆ ಇತ್ತು. ಕಪ್ಪು ಪಂಚೆಯ ಸ್ವಾಮಿಗಳು ಸಾಲಾಗಿ ಕುಳಿತಿದ್ದರು. ನಾನು ನಲ್ಲಿಗೆ ಕೊಡ ಹಿಡಿದು ಹೋದೆ. ನೀರು ಒಂದು ನೆಪ, ನನ್ನ ಕಣ್ಣಿದ್ದದ್ದು ಕೊಟ್ಟಿಗೆಯ ಮೇಲೆ. ಕಲಗಚ್ಚಿನಲ್ಲಿ ಏನೂ ಇರಲಿಲ್ಲ. ಸ್ವಾಮಿಗಳ ನಡುವೆ ಹಿತ್ತಾಳೆ ತಟ್ಟೆಯಲ್ಲಿ, ಬಾಳೆಹಣ್ಣು ಅವಲಕ್ಕಿಯ ಪಕ್ಕ, ನನ್ನ ಉಂಡೆಗಳಿದ್ದವು.

ಹಿರಿಯ ಸ್ವಾಮಿಯೊಬ್ಬರು ಇನ್ನೊಂದು ಎತ್ತಿಕೊಂಡು, “ಸಕ್ಕತ್ತಾಗಿದೆ. ಯಾರಮ್ಮ ಮಾಡಿದ್ದು?” ಎಂದು ಕೇಳಿದರು.

ಒಡತಿ ನನ್ನನ್ನು ನೋಡಿದಳು. ಕಣ್ಣಿಗೆ ಕಣ್ಣಿಟ್ಟು ನೋಡುತ್ತಲೇ, “ನಾನೇಯ ಸ್ವಾಮಿ. ನಮ್ಮೆಮ್ಮೆ ಬೆಣ್ಣೆ,” ಅಂದಳು.

ಎಮ್ಮೆಗೆ ಹಾಕಿದಾಗ ಅವಮಾನವಾಗಿತ್ತು. ಈಗ ದೋಚಿಸಿಕೊಂಡಂತಾಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು, ಸ್ವಾಮಿಗಳ ಎದುರೇ ಆಕೆಯ ಮಾನ ಹೋಗುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಬೇರೆ ಮನೆ ಎಲ್ಲಿ ಹುಡುಕುವುದು ಎಂದು ಹಲ್ಲು ಕಚ್ಚಿಕೊಂಡು ಕೊಡ ಎತ್ತಿದೆ.

ಮರುದಿನ ಮಧ್ಯಾಹ್ನ ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ಆಕೆ ಬಾಳೆಲೆಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಬಂದಳು. ಮುಖದಲ್ಲಿ ನಗು ಬೇರೆ.

“ಇರುಮುಡಿ ಕಟ್ಕಂಡು ಬೆಟ್ಟಕ್ಕೆ ಓಗೋ ದಿನಕ್ಕೆ ಇನ್ನೊಂದ್ ತಟ್ಟೆ ಮಾಡ್ಕೊಡಮ್ಮ. ಸ್ವಾಮಿಗೋಳು ಬಾಯ್ಬಿಟ್ಟು ಕೇಳವ್ರೆ.”

“ಮಾಡ್ಕೊಡಲ್ಲ. ಬೇಕಾದ್ರೆ ಕಲಿಸ್ತೀನಿ, ಸುಲಭದ ಕೆಲಸ. ಒಳಗೆ ಬನ್ನಿ, ಮಣೆ ಹಾಕ್ತೀನಿ.”

ಅಷ್ಟು ದಿನಗಳಲ್ಲಿ ಆಕೆ ಒಮ್ಮೆಯೂ ನಮ್ಮ ಹೊಸ್ತಿಲು ದಾಟಿದವಳಲ್ಲ. ನನ್ನ ಗೋಡೆಯ ಮೇಲಿನ ಯೇಸುವಿನ ಪಟವನ್ನು ನೋಡಿದಳು. ಹಿಂದೆ ತಿರುಗಿ ಅಂಗಳದಲ್ಲಿ ಯಾರಾದರೂ ಇದ್ದಾರೇನೋ ಎಂದು ನೋಡಿದಳು.

“ಇಲ್ಲಿಂದ್ಲೇ ಏಳ್ಬುಡು.”

“ಕೈಯಲ್ಲಿ ನಾದಿ ನೋಡ್ಬೇಕಕ್ಕ. ನಿಂತಲ್ಲೇ ಬರಲ್ಲ.”

ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ಆಕೆ ಒಳಗೆ ಬರಲಿ ಎಂದು ನನಗೆ ತುಂಬಾ ಅನ್ನಿಸಿತು. ಬಂದು ಕುಳಿತಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಆಕೆಯ ಕೈಯಲ್ಲಿ ಬೆಣ್ಣೆ ಕರಗಿ ಎಲೆಯಿಂದ ತೊಟ್ಟಿಕ್ಕತೊಡಗಿತು.

“ಬ್ಯಾಡ ಬುಡು,” ಎಂದು ತಿರುಗಿ ನಡೆದಳು.

ನನ್ನ ಕೈ ಮಾಡಿದ್ದನ್ನು ತನ್ನ ಸ್ವಾಮಿಗಳ ಮುಂದೆ ಇಡಲು ಆಕೆಗೆ ಆಗುತ್ತಿತ್ತು. ನನ್ನ ಪಕ್ಕ ಕೂರಲು ಆಗಲಿಲ್ಲ. ಆಕೆಗೆ ಕೇಳಲೆಂದೇ ಬಾಗಿಲನ್ನು ದಡಾರನೆ ಹಾಕಿ ಚಿಲಕ ಜಡಿದೆ.